ಹಾಡಿನೊಳಗಿಂದ ಹಾಡನ್ನೇ ತೆಗೆದವನು: ಕಿಂಗ್ ಟಬ್ಬಿ ಮತ್ತು ಡಬ್

ಮದುವೆ ಆರತಕ್ಷತೆಯ ಡಿಜೆ ಇರಲಿ, ದೊಡ್ಡ ಊರಿನ ಪಬ್ ಇರಲಿ, ಈ ಒಂದು ಕ್ಷಣ ಎಲ್ಲರಿಗೂ ಪರಿಚಯ. ಎದೆಗೆ ಬಡಿಯುತ್ತಿದ್ದ ಬೇಸ್ ಇದ್ದಕ್ಕಿದ್ದಂತೆ ಮಾಯವಾಗುತ್ತದೆ. ಹಾಡು ತೆಳ್ಳಗಾಗುತ್ತಾ ಹೋಗಿ ಬರೀ ಮೇಲುಸ್ವರದ ಚಿಣಿಚಿಣಿ ಉಳಿಯುತ್ತದೆ. ಗಾಯಕನ ಕೊನೆಯ ಅಕ್ಷರ ನಾಲ್ಕೈದು ಸಲ ಮಾರ್ದನಿಸಿ ಕರಗುತ್ತದೆ. ಕುಣಿಯುತ್ತಿದ್ದವರು ಕೈ ಮೇಲೆತ್ತಿ ಕಾಯುತ್ತಾರೆ. ಆಮೇಲೆ ಬೇಸ್ ಧೊಪ್ಪನೆ ಮರಳಿ ಬೀಳುತ್ತದೆ, ಇಡೀ ಸಭೆ ಕೇಕೆ ಹಾಕುತ್ತದೆ.

ಅಷ್ಟು ಹೊತ್ತಿನಲ್ಲಿ ಅಲ್ಲಿ ಯಾರೂ ಹೊಸದಾಗಿ ಒಂದು ಸ್ವರವನ್ನೂ ನುಡಿಸಲಿಲ್ಲ. ಇದ್ದುದನ್ನು ತೆಗೆದರು, ತಡೆದು ಹಿಡಿದರು, ಮತ್ತೆ ಕೊಟ್ಟರು, ಅಷ್ಟೆ. ಈ ತೆಗೆಯುವ ಮತ್ತು ತಡೆಯುವ ಕೆಲಸವೇ ಒಂದು ಕಲೆಯಾಗಿ ಬೆಳೆದದ್ದು ಜಮೈಕಾದಲ್ಲಿ, ಅದರ ಹೆಸರು ಡಬ್. ಅದಕ್ಕೆ ಪೂರ್ತಿ ರೂಪ ಕೊಟ್ಟವರಲ್ಲಿ ಮೊದಲು ನೆನೆಯಬೇಕಾದ ಹೆಸರು ಕಿಂಗ್‌ಸ್ಟನ್ ನಗರದ ವಾಟರ್‌ಹೌಸ್ ಬಡಾವಣೆಯ ಒಬ್ಬ ರೇಡಿಯೊ ರಿಪೇರಿಯವನದು. ಹೆಸರು ಆಸ್ಬೋರ್ನ್ ರಡಕ್. ಊರವರ ಬಾಯಲ್ಲಿ ಕಿಂಗ್ ಟಬ್ಬಿ.

ಡಬ್ ಹುಟ್ಟಿದ್ದು ಜಮೈಕಾದ ಜನಪ್ರಿಯ ಸಂಗೀತವಾದ ರೆಗ್ಗೆಯಿಂದ. ರೆಗ್ಗೆ ಅಂದರೆ ನಮ್ಮಲ್ಲಿ ಬಾಬ್ ಮಾರ್ಲಿ ನೆನಪಾಗುತ್ತಾನೆ. ಅದರಲ್ಲಿ ತಪ್ಪೇನಿಲ್ಲ, ಆ ಹಾಡುಗಳು ಹೋಗದ ಊರಿಲ್ಲ. ಆದರೆ ಇವತ್ತು ಸಂಗೀತವನ್ನು ಹೇಗೆ ತಯಾರಿಸುತ್ತಾರೆ, ಸ್ಟುಡಿಯೊದಲ್ಲಿ ಕೂತವರು ಏನು ಮಾಡುತ್ತಾರೆ, ಒಂದು ಹಾಡು ಯಾವಾಗ ಮುಗಿಯಿತು ಅನ್ನುತ್ತೇವೆ ಎಂಬ ಪ್ರಶ್ನೆ ಎತ್ತಿದರೆ ನಾನು ಟಬ್ಬಿಯ ಹೆಸರನ್ನು ಮಾರ್ಲಿಗಿಂತ ಮುಂಚೆ ಹೇಳುತ್ತೇನೆ. ಆತ ಹಾಡಲಿಲ್ಲ, ಗಿಟಾರ್ ಮುಟ್ಟಲಿಲ್ಲ, ಡ್ರಮ್ಸ್ ಮುಂದೆ ಕೂರಲಿಲ್ಲ. ಆದರೂ ಆತ ಸಂಗೀತಗಾರ. ಯಾಕೆ ಎಂಬುದೇ ಈ ಲೇಖನದ ವಿಷಯ.

ಖಾಲಿ ಜಾಗವಿರುವ ಸಂಗೀತ

ಮೊದಲು ರೆಗ್ಗೆಯ ಕಟ್ಟಡ ನೋಡೋಣ. ನಾಲ್ಕು ಎಣಿಕೆಯ ತಾಳ ಹಾಕಿಕೊಳ್ಳಿ. ರಾಕ್ ಸಂಗೀತದಲ್ಲಿ ಕಾಲಿನಿಂದ ಬಾರಿಸುವ ಕಿಕ್ ಡ್ರಮ್ ಸಾಮಾನ್ಯವಾಗಿ ಮೊದಲ ಎಣಿಕೆಗೇ ಬೀಳುತ್ತದೆ. ರೆಗ್ಗೆಯ 'ಒನ್ ಡ್ರಾಪ್' ಎಂಬ ನಡೆಯಲ್ಲಿ ಮೊದಲ ಎಣಿಕೆ ಖಾಲಿ. ಕಿಕ್ ಮತ್ತು ಕೋಲಿನಿಂದ ಬಾರಿಸುವ ಸ್ನೇರ್ ಡ್ರಮ್ ಎರಡೂ ಒಟ್ಟಾಗಿ ಮೂರನೆಯ ಎಣಿಕೆಗೆ ಬೀಳುತ್ತವೆ. ಗಿಟಾರ್ ಎರಡು ಎಣಿಕೆಗಳ ನಡುವಿನ ಸಂದಿಯಲ್ಲಿ 'ಚಕ್' ಎಂದು ಹೊಡೆದು ತಕ್ಷಣ ಸುಮ್ಮನಾಗುತ್ತದೆ. ಬೇಸ್ ಗಿಟಾರ್ ಹಿಂದೆ ನಿಂತು ಆಧಾರ ಕೊಡುವುದಷ್ಟೇ ಅಲ್ಲ, ಮುಂದೆ ಬಂದು ಒಂದು ಪುಟ್ಟ ಸ್ವರಗುಚ್ಛವನ್ನು ಮತ್ತೆ ಮತ್ತೆ ಹಾಡುತ್ತದೆ. ಎಷ್ಟೋ ರೆಗ್ಗೆ ಹಾಡುಗಳನ್ನು ಜನ ಗುನುಗುವುದು ಆ ಬೇಸ್‌ನಿಂದಲೇ.

ಡ್ರಮ್ಸ್ ಮತ್ತು ಬೇಸ್ ಸೇರಿದ ಈ ಬುನಾದಿಗೆ ಜಮೈಕಾದವರು 'ರಿದಿಂ' ಅನ್ನುತ್ತಾರೆ. ಒಂದು ರಿದಿಂ ಚೆನ್ನಾಗಿ ಬಂದರೆ ಅದರ ಮೇಲೆ ಹತ್ತಾರು ಗಾಯಕರು ಹತ್ತಾರು ಬೇರೆ ಹಾಡು ಹಾಡುವುದು ಅಲ್ಲಿನ ರೂಢಿ. ನಮಗೆ ಇದು ವಿಚಿತ್ರವಾಗಿ ಕಾಣಬಹುದು. ಜಮೈಕಾದಲ್ಲಿ ಹಾಡಿನ ಸಾಹಿತ್ಯ ಬದಲಾಗುತ್ತದೆ, ರಿದಿಂ ಬಾಳುತ್ತದೆ. ಇಷ್ಟು ಸಂದಿಗಳಿರುವ, ಇಷ್ಟು ಖಾಲಿ ಬಿಟ್ಟಿರುವ ತಾಳ ಇಲ್ಲದಿದ್ದರೆ ಡಬ್ ಹುಟ್ಟುತ್ತಿರಲಿಲ್ಲ. ಪ್ರತಿಧ್ವನಿ ಕೇಳಬೇಕಾದರೆ ಅದಕ್ಕೆ ಜಾಗ ಬೇಕು. ಕಿಕ್ಕಿರಿದ ವಾದ್ಯಮೇಳದಲ್ಲಿ ಎಕೋ ಹಾಕಿದರೆ ಬರೀ ಗದ್ದಲ.

ಇನ್ನೊಂದು ಸಂಗತಿ ಸೌಂಡ್ ಸಿಸ್ಟಂ. 1950ರ ದಶಕದ ಕಿಂಗ್‌ಸ್ಟನ್‌ನಲ್ಲಿ ಬಡವರಿಗೆ ಕುಣಿತದ ಜಾಗವೆಂದರೆ ಬಯಲು. ವಾದ್ಯಗೋಷ್ಠಿ ಕರೆಸಲು ದುಡ್ಡಿಲ್ಲ, ಮನೆಯಲ್ಲಿ ರೆಕಾರ್ಡ್ ಪ್ಲೇಯರ್ ಇಲ್ಲ. ಹಾಗಾಗಿ ಒಬ್ಬ ಉದ್ಯಮಿ ಟರ್ನ್‌ಟೇಬಲ್, ಆಂಪ್ಲಿಫೈಯರ್, ಆಳೆತ್ತರದ ಸ್ಪೀಕರ್ ಪೆಟ್ಟಿಗೆಗಳನ್ನು ತಂದು ಬಯಲಿನಲ್ಲಿ ಜೋಡಿಸಿ, ಪ್ರವೇಶಕ್ಕೆ ದುಡ್ಡು ತೆಗೆದುಕೊಂಡು ರಾತ್ರಿಯಿಡೀ ರೆಕಾರ್ಡ್ ಹಾಕುತ್ತಿದ್ದ. ಡ್ಯೂಕ್ ರೀಡ್, ಕಾಕ್ಸನ್ ಡಾಡ್ ಇಬ್ಬರೂ ಹೀಗೆ ದೊಡ್ಡವರಾದವರು, ಆಮೇಲೆ ತಾವೇ ಸ್ಟುಡಿಯೊ ಕಟ್ಟಿದರು. ಇವರ ನಡುವಿನ ಪೈಪೋಟಿ ಭಯಂಕರ. ಪಕ್ಕದ ಸೌಂಡ್ ಸಿಸ್ಟಂನಲ್ಲಿ ಸಿಗದ ಹಾಡು ನನ್ನಲ್ಲಿರಬೇಕು ಎಂಬುದೇ ಎಲ್ಲರ ಹಟ. ಅದಕ್ಕಾಗಿ ಒಂದೇ ಒಂದು ಪ್ರತಿ ಕೊರೆಸಿ ಇಟ್ಟುಕೊಳ್ಳುವ ಮೆದು ಲೇಪದ ತಟ್ಟೆ ಬಂತು, ಅದೇ ಡಬ್‌ಪ್ಲೇಟ್. ನಾಲ್ಕಾರು ಡಜನ್ ಸಲ ಹಾಕಿದರೆ ಸವೆದುಹೋಗುತ್ತದೆ. ಸವೆಯುವಷ್ಟರಲ್ಲಿ ಹೊಸದು ಬೇಕು.

ಈ ಪೈಪೋಟಿಯ ನಡುವೆ ಆಂಪ್ಲಿಫೈಯರ್ ಸುಟ್ಟರೆ, ಟ್ರಾನ್ಸ್‌ಫಾರ್ಮರ್ ಹೋದರೆ ಎಲ್ಲರೂ ಓಡುತ್ತಿದ್ದದ್ದು ಟಬ್ಬಿಯ ಹತ್ತಿರ. 1941ರ ಜನವರಿ 28ರಂದು ಹುಟ್ಟಿದ ಆತ ಎಲೆಕ್ಟ್ರಾನಿಕ್ಸ್ ಕಲಿತು ರೇಡಿಯೊ ರಿಪೇರಿ, ಟ್ರಾನ್ಸ್‌ಫಾರ್ಮರ್ ವೈಂಡಿಂಗ್, ಆಂಪ್ಲಿಫೈಯರ್ ಕಟ್ಟುವ ಕೆಲಸದಲ್ಲಿ ಪಳಗಿದವ. ಬೆಸುಗೆ ಕಡ್ಡಿ ಹಿಡಿದ ಕೈ. ಸದ್ದನ್ನು ಆತ ಮೊದಲು ಅರ್ಥಮಾಡಿಕೊಂಡದ್ದು ತಂತಿಯ ಕಡೆಯಿಂದ: ಯಾವ ಕಂಪನ ಎಲ್ಲಿ ಹೋಗುತ್ತದೆ, ಎಲ್ಲಿ ಕುಗ್ಗುತ್ತದೆ, ಎಲ್ಲಿ ಒಡೆಯುತ್ತದೆ. ಆಮೇಲೆ ತನ್ನದೇ ಸೌಂಡ್ ಸಿಸ್ಟಂ ಕಟ್ಟಿದ. ಹೋಮ್‌ಟೌನ್ ಹೈಫೈ ಎಂದು ಅದಕ್ಕೆ ಹೆಸರು. ಬೇಸ್‌ಗೇ ಬೇರೆ ಆಂಪ್ಲಿಫೈಯರ್, ಮೇಲುಸ್ವರಕ್ಕೇ ಬೇರೆ, ಮೈಕ್‌ಗೆ ಎಕೋ. ಅದರ ಸ್ಪಷ್ಟತೆಯ ಬಗ್ಗೆ ಕಿಂಗ್‌ಸ್ಟನ್‌ನ ಹಳಬರು ಇವತ್ತಿಗೂ ಮಾತಾಡುತ್ತಾರೆ.

ದನಿ ಹಾಕಲು ಮರೆತ ರಾತ್ರಿ

1960ರ ದಶಕದ ಕೊನೆಯ ಒಂದು ಘಟನೆಯನ್ನು ಡಬ್‌ನ ಮೂಲಕಥೆಯಾಗಿ ಹೇಳುತ್ತಾರೆ. ಕಿಂಗ್‌ಸ್ಟನ್ ಪಕ್ಕದ ಸ್ಪ್ಯಾನಿಷ್ ಟೌನ್‌ನಲ್ಲಿ ಸೌಂಡ್ ಸಿಸ್ಟಂ ನಡೆಸುತ್ತಿದ್ದ ರಡ್ಡಿ ರೆಡ್‌ವುಡ್ ಡ್ಯೂಕ್ ರೀಡ್‌ನ ಟ್ರೆಷರ್ ಐಲ್ ಸ್ಟುಡಿಯೊದಲ್ಲಿ ಪ್ಯಾರಗಾನ್ಸ್ ತಂಡದ ಒಂದು ಜನಪ್ರಿಯ ಹಾಡಿನ ಡಬ್‌ಪ್ಲೇಟ್ ಕೊರೆಸಿದ. ಎಂಜಿನಿಯರ್ ಬೈರನ್ ಸ್ಮಿತ್ ಗಾಯನದ ಟ್ರ್ಯಾಕ್ ಸೇರಿಸುವುದನ್ನು ಮರೆತ. ತಟ್ಟೆಯಲ್ಲಿ ಬರೀ ವಾದ್ಯ. ರಡ್ಡಿ ಅದನ್ನು ಹಾಗೇ ಒಯ್ದು, ಮೊದಲು ಹಾಡಿರುವ ಪ್ರತಿ ಹಾಕಿ, ಬೆನ್ನಿಗೇ ದನಿಯಿಲ್ಲದ ಪ್ರತಿ ಹಾಕಿದ. ನೆರೆದವರೆಲ್ಲ ತಾವೇ ಹಾಡತೊಡಗಿದರು.

ಇದರಿಂದ ಎರಡು ದಾರಿ ತೆರೆದವು. ಒಂದು, ಖಾಲಿಯಾದ ಜಾಗದಲ್ಲಿ ಮೈಕ್ ಹಿಡಿದವ ಮಾತಾಡಬಹುದು. ಟಬ್ಬಿಯ ಸೌಂಡ್ ಸಿಸ್ಟಂನ ಮೈಕ್ ಹಿಡಿದಿದ್ದ ಯು-ರಾಯ್ ಲಯಬದ್ಧವಾಗಿ ಮಾತು ಹೆಣೆಯುವುದರಲ್ಲಿ ಎತ್ತಿದ ಕೈ. 1970ರಲ್ಲಿ ಡ್ಯೂಕ್ ರೀಡ್‌ಗಾಗಿ ಆತ ಹಳೆಯ ರಿದಿಂಗಳ ಮೇಲೆ ಮಾತಾಡಿ ಮಾಡಿದ ರೆಕಾರ್ಡ್‌ಗಳು ಜಮೈಕಾದ ಜನಪ್ರಿಯ ಪಟ್ಟಿಯ ಮೇಲಿನ ಸ್ಥಾನಗಳನ್ನೆಲ್ಲ ಹಿಡಿದುಕೊಂಡವು. ಇನ್ನೊಂದು ದಾರಿ ರೆಕಾರ್ಡ್‌ನ ಹಿಂಬದಿ. ಅಲ್ಲಿಯವರೆಗೆ ಬಿ ಸೈಡ್‌ಗೆ ಬೇರೊಂದು ಹಾಡು ಬೇಕಿತ್ತು. ಈಗ ಅದೇ ಹಾಡಿನ ದನಿಯಿಲ್ಲದ 'ವರ್ಷನ್' ಸಾಕು. ನಿರ್ಮಾಪಕರಿಗೆ ಖರ್ಚು ಉಳಿತಾಯ, ಸೌಂಡ್ ಸಿಸ್ಟಂಗಳಿಗೆ ಹೊಸ ಸರಕು. ಕೆಲವೇ ವರ್ಷಗಳಲ್ಲಿ ಜಮೈಕಾದ ರೆಕಾರ್ಡ್‌ಗಳ ಹಿಂಬದಿಯಲ್ಲಿ 'ವರ್ಷನ್' ಎಂದು ಅಚ್ಚಾಗುವುದು ವಾಡಿಕೆಯಾಯಿತು.

ಟ್ರೆಷರ್ ಐಲ್‌ನಲ್ಲಿ ತಟ್ಟೆ ಕೊರೆಯುವ ಕೆಲಸಕ್ಕೆ ಇದ್ದ ಟಬ್ಬಿ ಇದನ್ನೆಲ್ಲ ಹತ್ತಿರದಿಂದ ಕಂಡ. ದನಿಯನ್ನು ಪೂರ್ತಿ ತೆಗೆಯುವ ಬದಲು ಅರ್ಧ ತೆಗೆದರೆ? ಒಂದು ಸಾಲು ಬಿಟ್ಟು, ಮುಂದಿನ ಸಾಲಿನ ಮೊದಲ ಪದದಲ್ಲೇ ಕತ್ತರಿಸಿದರೆ? ಬರೀ ಬೇಸ್ ಉಳಿಸಿ ಉಳಿದದ್ದೆಲ್ಲ ಮುಚ್ಚಿದರೆ? ಕಥೆ ಇಲ್ಲಿಂದ ಅಪಘಾತದ ಕೈಬಿಟ್ಟು ಕುಶಲಿಯ ಕೈಗೆ ಬರುತ್ತದೆ.

ಡ್ರೋಮಿಲಿ ಅವೆನ್ಯೂ, ಮನೆ ಸಂಖ್ಯೆ 18

ಟಬ್ಬಿಯ ಸ್ಟುಡಿಯೊ ಅಂದರೆ ವಾಟರ್‌ಹೌಸ್‌ನ ಒಂದು ಸಾಮಾನ್ಯ ಮನೆಯ ಕೋಣೆ. ವಾದ್ಯಗೋಷ್ಠಿ ಕೂರುವಷ್ಟು ಜಾಗವೇ ಇರಲಿಲ್ಲ. ಗಾಯಕರು ಹಾಡಬೇಕಾದರೆ ಬಚ್ಚಲುಮನೆಯನ್ನೇ ಬೂತ್ ಮಾಡಿದ್ದ. ವಾದ್ಯಗಳ ರೆಕಾರ್ಡಿಂಗ್ ಬೇರೆ ದೊಡ್ಡ ಸ್ಟುಡಿಯೊಗಳಲ್ಲಿ ಆಗುತ್ತಿತ್ತು. ನಿರ್ಮಾಪಕರು ಆ ಟೇಪ್‌ಗಳನ್ನು ಹೊತ್ತು ಇಲ್ಲಿಗೆ ಬರುತ್ತಿದ್ದರು: ಬನ್ನಿ ಲೀ, ಲೀ ಪೆರಿ, ಆಗಸ್ಟಸ್ ಪ್ಯಾಬ್ಲೊ, ಯ್ಯಾಬಿ ಯು, ಗ್ಲೆನ್ ಬ್ರೌನ್. ಟೇಪ್‌ನಲ್ಲಿ ನಾಲ್ಕೇ ಟ್ರ್ಯಾಕ್. ಡ್ರಮ್ಸ್, ಬೇಸ್, ಗಿಟಾರ್ ಮತ್ತು ಕೀಬೋರ್ಡ್, ಗಾಯನ ಎಲ್ಲವನ್ನೂ ಆ ನಾಲ್ಕರಲ್ಲೇ ಹಂಚಿ ಕೂರಿಸಬೇಕು.

1970ರ ದಶಕದ ಆರಂಭದಲ್ಲಿ ಡೈನಾಮಿಕ್ ಸೌಂಡ್ಸ್ ಎಂಬ ದೊಡ್ಡ ಸ್ಟುಡಿಯೊ ಹೊಸ ಯಂತ್ರ ತಂದು ಟ್ರ್ಯಾಕ್‌ಗಳನ್ನು ಬೆರೆಸುವ ತನ್ನ ಹಳೆಯ ಎಂಸಿಐ ಮಿಕ್ಸರ್ ಮಾರಿತು. ಬನ್ನಿ ಲೀಯ ನೆರವಿನಿಂದ ಟಬ್ಬಿ ಅದನ್ನು ಕೊಂಡ. ದೊಡ್ಡವರಿಗೆ ಬೇಡವಾದ ಆ ಸಾಮಾನು ಈಗ ಅಮೆರಿಕದ ಸಿಯಾಟಲ್‌ನ ಪಾಪ್ ಸಂಸ್ಕೃತಿ ಮ್ಯೂಸಿಯಂನ ಸಂಗ್ರಹ ಸೇರಿದೆ. ಅದರಲ್ಲಿ ಪ್ರತಿ ಟ್ರ್ಯಾಕ್‌ನ ಸದ್ದನ್ನು ಏರಿಸಲು, ಇಳಿಸಲು ಜಾರಿಸುವ ಫೇಡರ್‌ಗಳಿದ್ದವು, ಜೊತೆಗೆ ಒಂದು ದೊಡ್ಡ ಗುಂಡಿ. ಟಬ್ಬಿಯ ಕೈಯಲ್ಲಿ ಇವು ಏನು ಮಾಡಿದವು ಎಂದು ಸ್ವಲ್ಪ ಬಿಡಿಸಿ ನೋಡಬೇಕು. ಇವತ್ತಿನ ಬಹುತೇಕ ಡಿಜೆ ಯಂತ್ರಗಳಲ್ಲೂ ಇದೇ ಇದೆ.

ಮೊದಲು ಎಕೋ. ಟೇಪ್ ಯಂತ್ರದಲ್ಲಿ ಸದ್ದನ್ನು ಬರೆಯುವ ಹೆಡ್ ಒಂದು, ಓದುವ ಹೆಡ್ ಒಂದು, ಅಕ್ಕಪಕ್ಕ ಇರುತ್ತವೆ. ಟೇಪ್ ಮೊದಲು ಬರೆಯುವ ಹೆಡ್ ದಾಟಿ, ಆಮೇಲೆ ಓದುವ ಹೆಡ್ ತಲುಪುತ್ತದೆ. ಸೆಕೆಂಡಿಗೆ 19 ಸೆಂಟಿಮೀಟರ್ ವೇಗದಲ್ಲಿ ಟೇಪ್ ಓಡುತ್ತಿದೆ, ಎರಡು ಹೆಡ್‌ಗಳ ನಡುವೆ 5 ಸೆಂಟಿಮೀಟರ್ ಅಂತರವಿದೆ ಅಂದುಕೊಳ್ಳಿ. ಆಗ ಬರೆದ ಸದ್ದು ಸುಮಾರು ಕಾಲು ಸೆಕೆಂಡ್ ತಡವಾಗಿ ಹೊರಬರುತ್ತದೆ. ಹೊರಬಂದದ್ದನ್ನು ಮತ್ತೆ ಬರೆಯುವ ಹೆಡ್‌ಗೆ ಕೊಟ್ಟರೆ ಅದು ಇನ್ನೊಂದು ಸುತ್ತು ಹೊಡೆಯುತ್ತದೆ, ಮತ್ತೊಂದು ಸುತ್ತು. ಪ್ರತಿ ಸುತ್ತಿನಲ್ಲೂ ಟೇಪ್ ಒಂದಿಷ್ಟು ಮೇಲುಸ್ವರ ನುಂಗುತ್ತದೆ, ಹಾಗಾಗಿ ಮಾರ್ದನಿ ಸಣ್ಣದಾಗುತ್ತಾ ಮಬ್ಬಾಗುತ್ತಾ ದೂರ ಸರಿಯುತ್ತದೆ. ಮರಳಿಸುವ ಪ್ರಮಾಣವನ್ನು ಹೆಚ್ಚಿಸಿಬಿಟ್ಟರೆ ಸಾಯುವ ಬದಲು ಬೆಳೆಯುತ್ತಾ ಹೋಗಿ ಗರ್ಜಿಸುತ್ತದೆ, ಸರಿಯಾದ ಗಳಿಗೆಯಲ್ಲಿ ಕೈ ಹಿಂದೆಗೆಯಬೇಕು. ಟಬ್ಬಿ ಇಂಥ ಎಕೋ ಯಂತ್ರವನ್ನು ಹಳೆಯ ಟೇಪ್ ರೆಕಾರ್ಡರಿಗೆ ಟೇಪಿನ ಸುತ್ತು ಹಾಕಿ ತಾನೇ ಮಾಡಿಕೊಂಡಿದ್ದ. ಸ್ನೇರ್ ಡ್ರಮ್‌ನ ಒಂದೇ ಏಟನ್ನು ಆರಿಸಿ ಅದನ್ನು ಮಾತ್ರ ಎಕೋಗೆ ಕಳಿಸುತ್ತಿದ್ದ. ಅದರ ಮಾರ್ದನಿಗಳು ತಾಳದ ಸಂದಿಗಳಲ್ಲಿ ಬೀಳುತ್ತಿದ್ದವು, ಡ್ರಮ್ಮರ್ ಬಾರಿಸದ ಏಟುಗಳು ಕೇಳುತ್ತಿದ್ದವು.

ಎರಡನೆಯದು ಆ ದೊಡ್ಡ ಗುಂಡಿ. ಹೈಪಾಸ್ ಫಿಲ್ಟರ್, ಅಂದರೆ ನಿಗದಿ ಮಾಡಿದ ಮಟ್ಟಕ್ಕಿಂತ ಕೆಳಗಿನ ಕಂಪನಗಳನ್ನು ತಡೆದು ಮೇಲಿನವನ್ನು ಮಾತ್ರ ಬಿಡುವ ಜರಡಿ. 70 ಹರ್ಟ್ಸ್‌ನಿಂದ 7,500 ಹರ್ಟ್ಸ್‌ವರೆಗೆ ಹತ್ತು ಮೆಟ್ಟಿಲುಗಳಲ್ಲಿ ತಿರುಗುತ್ತಿತ್ತು. ತಿರುಗಿಸುತ್ತಾ ಹೋದರೆ ಮೊದಲು ಬೇಸ್ ಹೋಗುತ್ತದೆ, ಆಮೇಲೆ ಮೈದುಂಬಿದ ಸ್ವರಗಳು, ಕೊನೆಗೆ ತಾಳದ ಹಿಶ್ ಸದ್ದೊಂದೇ. ಹಿಂದಕ್ಕೆ ತಿರುಗಿಸಿದರೆ ಎಲ್ಲವೂ ಒಂದೊಂದಾಗಿ ಮರಳುತ್ತವೆ. ಮೆಟ್ಟಿಲಿನಿಂದ ಮೆಟ್ಟಿಲಿಗೆ ಹಾರುವುದರಿಂದ ಸದ್ದಿನಲ್ಲಿ ಒಂದು ಕೊರೆತ ಕೇಳುತ್ತದೆ. ಟಬ್ಬಿಯ ಮಿಕ್ಸ್‌ಗಳ ಗುರುತು ಅದು.

ಮೂರನೆಯದು ರಿವರ್ಬ್. ಪೆಟ್ಟಿಗೆಯೊಳಗೆ ಉಕ್ಕಿನ ಸ್ಪ್ರಿಂಗ್ ಕಟ್ಟಿರುತ್ತದೆ. ಸದ್ದು ಒಂದು ತುದಿಯಿಂದ ಸ್ಪ್ರಿಂಗನ್ನು ನಡುಗಿಸುತ್ತದೆ, ಇನ್ನೊಂದು ತುದಿಯಲ್ಲಿ ಆ ನಡುಕವನ್ನು ಮತ್ತೆ ಸದ್ದಾಗಿಸುತ್ತಾರೆ. ಬಚ್ಚಲುಮನೆಯಷ್ಟು ಜಾಗದಲ್ಲಿ ಹಾಡಿದ್ದು ಇದರಿಂದ ದೊಡ್ಡ ಗುಹೆಯಲ್ಲಿ ಹಾಡಿದಂತೆ ಕೇಳುತ್ತದೆ. ಟಬ್ಬಿ ಒಮ್ಮೊಮ್ಮೆ ಆ ಪೆಟ್ಟಿಗೆಯನ್ನೇ ಗುದ್ದುತ್ತಿದ್ದ. ಸ್ಪ್ರಿಂಗ್‌ಗಳು ಒಂದಕ್ಕೊಂದು ಬಡಿದು ಗುಡುಗಿನಂಥ ಸದ್ದು ಏಳುತ್ತಿತ್ತು. ಯಂತ್ರ ಕೆಟ್ಟಾಗ ಬರುವ ಸದ್ದು ಯಾವುದೆಂದು ರಿಪೇರಿಯವನಿಗೆ ಗೊತ್ತಿರುತ್ತದೆ. ಅದನ್ನೇ ಆತ ಸಂಗೀತದೊಳಕ್ಕೆ ತಂದ.

ಮುಖ್ಯ ಮಾತು ಈಗ. ಇದೆಲ್ಲ ಕಂಪ್ಯೂಟರ್ ಇಲ್ಲದ ಕಾಲ. ಮೊದಲೇ ಬರೆದಿಟ್ಟು, ಅಳಿಸಿ, ತಿದ್ದುವ ಸೌಲಭ್ಯ ಇಲ್ಲ. ಟೇಪ್ ಓಡುತ್ತಿರುವಾಗ ನಾಲ್ಕು ಫೇಡರ್, ಒಂದು ಗುಂಡಿ, ಎಕೋ, ರಿವರ್ಬ್ ಇಷ್ಟನ್ನೂ ಎರಡೇ ಕೈಯಲ್ಲಿ ಆಡಿಸುತ್ತಾ ನೇರವಾಗಿ ಕೊನೆಯ ಟೇಪ್‌ಗೆ ಇಳಿಸಬೇಕು. ತಪ್ಪಿದರೆ ಮೊದಲಿನಿಂದ. ಅದೇ ಹಾಡನ್ನು ಹತ್ತು ಸಲ ಮಿಕ್ಸ್ ಮಾಡಿದರೆ ಹತ್ತೂ ಬೇರೆ ಬೇರೆ. ನಮ್ಮ ಸಂಗೀತದವರು ಹೇಳುವ ಮನೋಧರ್ಮಕ್ಕೆ, ಅಂದರೆ ಆ ಗಳಿಗೆಯಲ್ಲೇ ಸಂಗೀತ ಕಟ್ಟುವುದಕ್ಕೆ, ಬೇಕಾದದ್ದೆಲ್ಲ ಇಲ್ಲಿದೆ: ಚೌಕಟ್ಟು, ಆ ಕ್ಷಣದ ನಿರ್ಧಾರ, ಕೈಯ ಸಾಧನೆ. ಹಾಗಾಗಿಯೇ ಆತನನ್ನು ಸಂಗೀತಗಾರ ಎನ್ನಲು ನನಗೆ ಯಾವ ಹಿಂಜರಿಕೆಯೂ ಇಲ್ಲ. ಆತನ ವಾದ್ಯ ಮಿಕ್ಸರ್.

ಒಂದೇ ಹಾಡು, ಎರಡು ಬದುಕು

ಉದಾಹರಣೆಗೆ ಒಂದೇ ಒಂದು ರೆಕಾರ್ಡ್ ತೆಗೆದುಕೊಳ್ಳೋಣ. ಜೇಕಬ್ ಮಿಲ್ಲರ್ ಹಾಡಿದ 'ಬೇಬಿ ಐ ಲವ್ ಯು ಸೋ' ಎಂಬ ಪ್ರೇಮಗೀತೆ. ನಿರ್ಮಾಪಕ ಆಗಸ್ಟಸ್ ಪ್ಯಾಬ್ಲೊ. ಆತನ ವಾದ್ಯ ಮೆಲೋಡಿಕಾ: ಬಾಯಿಂದ ಊದಿ ಬೆರಳಿನಿಂದ ಕೀಲಿ ಒತ್ತುವ, ಶಾಲಾಮಕ್ಕಳ ಕೈಗೆ ಕೊಡುವ ಪುಟ್ಟ ವಾದ್ಯ. ಬೇಸ್ ರಾಬಿ ಶೇಕ್ಸ್‌ಪಿಯರ್, ಡ್ರಮ್ಸ್ ಕಾರ್ಲ್ಟನ್ ಬ್ಯಾರೆಟ್. ಇದರ ಹಿಂಬದಿಗೆ ಟಬ್ಬಿ ಮಾಡಿದ ವರ್ಷನ್ 'ಕಿಂಗ್ ಟಬ್ಬೀಸ್ ಮೀಟ್ಸ್ ರಾಕರ್ಸ್ ಅಪ್‌ಟೌನ್'. 1976ರ ಆಲ್ಬಂಗೂ ಇದೇ ಹೆಸರು. ಜನ ಮುಂಬದಿಯ ಹಾಡಿಗಿಂತ ಹಿಂಬದಿಯನ್ನೇ ಹೆಚ್ಚು ನೆನಪಿಟ್ಟುಕೊಂಡರು.

ಮೂಲ ಹಾಡಿನಲ್ಲಿ ಮಿಲ್ಲರ್ ಪ್ರೀತಿಯ ಅಳಲನ್ನು ಸಾಲು ಸಾಲಾಗಿ ಹೇಳುತ್ತಾನೆ. ಟಬ್ಬಿಯ ಕೈಯಲ್ಲಿ ಆ ಸಾಲುಗಳು ಚೂರಾಗುತ್ತವೆ. ಒಂದು ಪದ ಏಳುತ್ತದೆ, ಅರ್ಧಕ್ಕೇ ಫೇಡರ್ ಮುಚ್ಚುತ್ತದೆ, ಆ ಅರ್ಧ ಪದ ಮಾರ್ದನಿಯಾಗಿ ಸುತ್ತಿ ಸುತ್ತಿ ಕತ್ತಲೆಗೆ ಹೋಗುತ್ತದೆ. ಡ್ರಮ್ಸ್ ಉರುಳುವಾಗ ಇಡೀ ಉರುಳಿಕೆಯನ್ನೇ ಎಕೋಗೆ ತಳ್ಳುತ್ತಾನೆ, ಒಬ್ಬ ಡ್ರಮ್ಮರ್ ನಾಲ್ವರಾಗುತ್ತಾನೆ. ಗಿಟಾರ್ ಒಂದು ಸಲ ಚಕ್ ಎಂದು ಕಾಣಿಸಿ ಮರೆಯಾಗುತ್ತದೆ. ಎಲ್ಲ ಹೋದಾಗಲೂ ಬೇಸ್ ಮಾತ್ರ ನಡೆಯುತ್ತಿರುತ್ತದೆ. ಪ್ರೇಮಗೀತೆಯಾಗಿದ್ದದ್ದು ಕೊನೆಗೆ ಒಂಟಿತನದ ಸಂಗೀತವಾಗುತ್ತದೆ, ಒಂದು ಪದವನ್ನೂ ಹೊಸದಾಗಿ ಬರೆಯದೆ.

ಕರ್ನಾಟಕ ಸಂಗೀತ ಕೇಳುವವರಿಗೆ ಇದು ತೀರಾ ಅಪರಿಚಿತವಲ್ಲ. ಕಛೇರಿಯಲ್ಲಿ ಮೃದಂಗದವರು ಒಂಟಿಯಾಗಿ ನುಡಿಸುವ ತನಿ ಆವರ್ತನ ಶುರುವಾದಾಗ ಗಾಯಕರು ಸುಮ್ಮನಾಗುತ್ತಾರೆ. ಆದರೂ ಪಲ್ಲವಿ ಎಲ್ಲಿಗೂ ಹೋಗಿರುವುದಿಲ್ಲ. ಕೇಳುವವರ ಕೈ ತಾಳ ಬಿಡುವುದಿಲ್ಲ, ಮೃದಂಗ ಆ ಕೇಳಿಸದ ಪಲ್ಲವಿಯ ಸುತ್ತಲೇ ಲೆಕ್ಕ ಹಾಕಿ ಎಡುಪಿಗೆ, ಅಂದರೆ ಪಲ್ಲವಿ ಎತ್ತುವ ಜಾಗಕ್ಕೆ, ಬಂದು ಸೇರುತ್ತದೆ. ಡಬ್ ಕೂಡ ನಂಬುವುದು ಕೇಳುಗನ ನೆನಪನ್ನೇ. ಬಯಲಿನಲ್ಲಿ ನಿಂತ ಜನರಿಗೆ ಹಾಡು ಬಾಯಿಪಾಠ. ಹಾಗಾಗಿ ಟಬ್ಬಿ ಅರ್ಧ ಪದ ಕೊಟ್ಟರೂ ಉಳಿದರ್ಧ ಅವರೊಳಗೆ ತಾನಾಗಿ ನುಡಿಯುತ್ತದೆ.

ಡಬ್ ಕಂಡುಹಿಡಿದವ ಟಬ್ಬಿಯೊಬ್ಬನೇ ಎಂದರೆ ಅನ್ಯಾಯವಾದೀತು. ರ‍್ಯಾಂಡೀಸ್ ಸ್ಟುಡಿಯೊದ ಎರಲ್ ಥಾಂಪ್ಸನ್, ಸ್ಟುಡಿಯೊ ಒನ್‌ನ ಸಿಲ್ವನ್ ಮಾರಿಸ್ ಅದೇ ಕಾಲದಲ್ಲಿ ಅದೇ ದಾರಿಯಲ್ಲಿದ್ದರು. ಲೀ ಪೆರಿಯಂತೂ ಆಮೇಲೆ ತನ್ನದೇ ಸ್ಟುಡಿಯೊ ಕಟ್ಟಿ ಬೇರೆಯದೇ ಲೋಕ ಸೃಷ್ಟಿಸಿದ. ಆದರೆ ಎಲ್ಲರ ಟೇಪ್‌ಗಳೂ ಕೊನೆಗೆ ಬಂದು ಸೇರುತ್ತಿದ್ದ ಕೋಣೆ ಡ್ರೋಮಿಲಿ ಅವೆನ್ಯೂದ್ದು. ಮಿಕ್ಸ್ ಮಾಡಿದವನ ಹೆಸರು ಕೇಳಿ ಜನ ರೆಕಾರ್ಡ್ ಕೊಳ್ಳುವಂತೆ ಮಾಡಿದ್ದೂ ಆತನೇ. ಆಲ್ಬಂ ಹೊದಿಕೆಯ ಮೇಲೆ ಗಾಯಕನಿಗಿಂತ ದೊಡ್ಡದಾಗಿ ಎಂಜಿನಿಯರ್‌ನ ಹೆಸರು ಬಂದದ್ದು ಸಣ್ಣ ಬದಲಾವಣೆಯಲ್ಲ.

ಅಲ್ಲಿಂದ ಎಲ್ಲೆಲ್ಲಿಗೆ

ಮೊದಲು ನ್ಯೂಯಾರ್ಕ್. ಕಿಂಗ್‌ಸ್ಟನ್‌ನಲ್ಲಿ ಹುಟ್ಟಿದ ಕ್ಲೈವ್ ಕ್ಯಾಂಪ್‌ಬೆಲ್ ಎಂಬ ಹುಡುಗ 1967ರಲ್ಲಿ ಮನೆಯವರೊಡನೆ ಬ್ರಾಂಕ್ಸ್‌ಗೆ ಬಂದ. 1973ರ ಆಗಸ್ಟ್ 11ರಂದು ಸೆಡ್ಜ್‌ವಿಕ್ ಅವೆನ್ಯೂದ 1520ನೇ ಕಟ್ಟಡದಲ್ಲಿ ತಂಗಿ ಏರ್ಪಡಿಸಿದ ಪಾರ್ಟಿಗೆ ಡಿಜೆ ಕೂಲ್ ಹರ್ಕ್ ಎಂಬ ಹೆಸರಿನಲ್ಲಿ ರೆಕಾರ್ಡ್ ಹಾಕಿದ. ಹಿಪ್‌ಹಾಪ್‌ನ ಹುಟ್ಟುಹಬ್ಬವನ್ನು ಆ ದಿನಕ್ಕೇ ಆಚರಿಸುತ್ತಾರೆ. ಹರ್ಕ್ ಹಾಕಿದ್ದು ರೆಗ್ಗೆಯಲ್ಲ, ಅಮೆರಿಕದ ಫಂಕ್. ರ‍್ಯಾಪ್‌ಗೆ ಅಮೆರಿಕದ ಕಪ್ಪು ಜನರ ಮಾತಿನ ಸಂಪ್ರದಾಯದಲ್ಲೇ ಆಳವಾದ ಬೇರುಗಳಿವೆ. ಹಾಗಾಗಿ ಹಿಪ್‌ಹಾಪ್ ಪೂರ್ತಿ ಜಮೈಕಾದ ಕೊಡುಗೆ ಎನ್ನುವುದು ಅತಿಯಾಯಿತು. ಆದರೆ ದೈತ್ಯ ಸ್ಪೀಕರ್, ಬೇಸ್‌ನ ಹಸಿವು, ಎಕೋ ಹಾಕಿದ ಮೈಕ್, ರೆಕಾರ್ಡ್‌ನ ಒಂದು ತುಣುಕನ್ನು ಎತ್ತಿಕೊಂಡು ಅದನ್ನೇ ಹೊಸ ಸಂಗೀತ ಮಾಡುವುದು, ಇವೆಲ್ಲ ಜಮೈಕಾದ ಬಯಲಿನಲ್ಲಿ ಆಗಲೇ ರೂಢಿಯಾಗಿದ್ದವು. ರಿಮಿಕ್ಸ್ ವಿಷಯದಲ್ಲೂ ಅಷ್ಟೇ ಎಚ್ಚರ ಬೇಕು. ನ್ಯೂಯಾರ್ಕ್‌ನ ಡಿಸ್ಕೊ ಲೋಕದಲ್ಲಿ ಟಾಮ್ ಮೌಲ್ಟನ್ ಮೊದಲಾದವರು ತಮ್ಮದೇ ದಾರಿಯಲ್ಲಿ ಹಾಡುಗಳನ್ನು ಹಿಗ್ಗಿಸಿ ಮರುಮಿಕ್ಸ್ ಮಾಡಿದರು. ಅವರಿಗಿಂತ ಮುಂಚೆಯೇ ಜಮೈಕಾದಲ್ಲಿ ಒಂದು ರಿದಿಂಗೆ ಹತ್ತು ವರ್ಷನ್ ಇರುವುದು ದಿನನಿತ್ಯದ ವ್ಯಾಪಾರವಾಗಿತ್ತು.

ಬ್ರಿಟನ್ನಿನ ಕಥೆ ಇನ್ನೂ ನೇರ. ಕೆಲಸ ಹುಡುಕಿ ಬಂದ ಕೆರಿಬಿಯನ್ ಕುಟುಂಬಗಳು ತಮ್ಮೊಡನೆ ಸೌಂಡ್ ಸಿಸ್ಟಂಗಳನ್ನೂ ತಂದವು. 1977ರ ಆಸುಪಾಸಿನಲ್ಲಿ ಲಂಡನ್‌ನ ರಾಕ್ಸಿ ಕ್ಲಬ್ಬಿನಲ್ಲಿ ಪಂಕ್ ಎಂಬ ಒರಟು ರಾಕ್ ಸಂಗೀತದ ತಂಡಗಳ ನಡುವಿನ ಬಿಡುವಿಗೆ ಡಾನ್ ಲೆಟ್ಸ್ ರೆಗ್ಗೆ ಮತ್ತು ಡಬ್ ಹಾಕುತ್ತಿದ್ದ. ಹಾಕಲು ಪಂಕ್ ರೆಕಾರ್ಡ್‌ಗಳೇ ಇನ್ನೂ ಹೆಚ್ಚಿರಲಿಲ್ಲ. ಕ್ಲ್ಯಾಶ್, ಸ್ಲಿಟ್ಸ್, ಪಬ್ಲಿಕ್ ಇಮೇಜ್ ಲಿಮಿಟೆಡ್ ತಂಡಗಳ ಬೇಸ್ ಮುಂದೆ ಬಂದದ್ದು, ಗಿಟಾರ್ ಜಾಗ ಬಿಟ್ಟುಕೊಟ್ಟದ್ದು ಇದರಿಂದ. ಸ್ಲಿಟ್ಸ್‌ನ 1979ರ ಮೊದಲ ಆಲ್ಬಂ ರೂಪಿಸಿದವನು ಲಂಡನ್‌ನ ಡಬ್ ಕುಶಲಿ ಡೆನಿಸ್ ಬೊವೆಲ್.

ಬ್ರಿಸ್ಟಲ್‌ನಲ್ಲಿ ವೈಲ್ಡ್ ಬಂಚ್ ಎಂಬ ಸೌಂಡ್ ಸಿಸ್ಟಂನಿಂದ ಮ್ಯಾಸಿವ್ ಅಟ್ಯಾಕ್ ತಂಡ ಹುಟ್ಟಿತು. 1991ರ ಅವರ ಮೊದಲ ಆಲ್ಬಂನಿಂದ ಹಿಡಿದು ಐದೂ ಸ್ಟುಡಿಯೊ ಆಲ್ಬಂಗಳಲ್ಲಿ ಹಾಡಿದ ಹೊರೇಸ್ ಆಂಡಿ, 1970ರ ದಶಕದಲ್ಲಿ ಬನ್ನಿ ಲೀಗಾಗಿ ಹಾಡುತ್ತಿದ್ದ ಜಮೈಕಾದ ಗಾಯಕ. ತಂಡ ತನ್ನ ಎರಡನೆಯ ಆಲ್ಬಂ ಅನ್ನು ಲಂಡನ್ನಿನ ಡಬ್ ಎಂಜಿನಿಯರ್ ಮ್ಯಾಡ್ ಪ್ರೊಫೆಸರ್‌ಗೆ ಒಪ್ಪಿಸಿತು. ಆತ ಅದನ್ನು ಪೂರ್ತಿ ಡಬ್ ಮಾಡಿ 1995ರಲ್ಲಿ ಬೇರೆ ಹೆಸರಿನಲ್ಲಿ ಹೊರತಂದ. ಇಡೀ ಆಲ್ಬಂಗೇ ಒಂದು ಬಿ ಸೈಡ್.

1990ರ ದಶಕದ ಆರಂಭದ, ಜಂಗಲ್ ಎಂಬ ಬ್ರಿಟನ್ನಿನ ಕುಣಿತದ ಸಂಗೀತ ಕೇಳಿದರೆ ಡ್ರಮ್ಸ್ ನಿಮಿಷಕ್ಕೆ 160ಕ್ಕೂ ಹೆಚ್ಚು ಎಣಿಕೆಯಲ್ಲಿ ಓಡುತ್ತಿರುತ್ತವೆ, ಬೇಸ್ ಮಾತ್ರ ಅದರರ್ಧ ವೇಗದಲ್ಲಿ, ಅಂದರೆ ರೆಗ್ಗೆಯ ನಡಿಗೆಯಲ್ಲೇ ಸಾಗುತ್ತದೆ. 2000ದ ನಂತರ ದಕ್ಷಿಣ ಲಂಡನ್‌ನ ಕ್ರಾಯ್ಡನ್ ಸುತ್ತ ಹುಟ್ಟಿದ ಡಬ್‌ಸ್ಟೆಪ್ ಸುಮಾರು 140ರ ವೇಗದ್ದು. ಆದರೆ ಸ್ನೇರ್ ಬೀಳುವುದು ಮೂರನೆಯ ಎಣಿಕೆಗೆ, ಒನ್ ಡ್ರಾಪ್‌ನ ಅದೇ ಜಾಗಕ್ಕೆ. ಆ ಹುಡುಗರು ಹೊಸ ಹಾಡನ್ನು ಡಬ್‌ಪ್ಲೇಟ್‌ಗೆ ಕೊರೆಸಿ ತಮ್ಮ ರಾತ್ರಿಗಳಲ್ಲಿ ಮಾತ್ರ ಹಾಕುತ್ತಿದ್ದರು, ಥೇಟ್ ಕಿಂಗ್‌ಸ್ಟನ್‌ನ ಹಾಗೆ. ಬರ್ಲಿನ್‌ನಲ್ಲಿ ಬೇಸಿಕ್ ಚಾನೆಲ್ ಜೋಡಿ ಟೆಕ್ನೊ ಸಂಗೀತದ ಒಂದು ಕಾರ್ಡ್ ತೆಗೆದುಕೊಂಡು ಅದನ್ನು ಎಕೋದಲ್ಲಿ ನಿಮಿಷಗಟ್ಟಲೆ ತೇಲಿಸಿತು. ಅಲ್ಲಿ ಬೇಸ್, ಮಾರ್ದನಿ, ಟೇಪಿನ ಸುಯ್ಯಿ ಬಿಟ್ಟರೆ ಬೇರೇನೂ ಉಳಿಯುವುದಿಲ್ಲ. ಟಬ್ಬಿಯ ತರ್ಕವನ್ನು ಅದರ ಕೊನೆಯವರೆಗೆ ಒಯ್ದವರು ಇವರೇ ಎಂದು ನನ್ನ ಎಣಿಕೆ.

ದಕ್ಷಿಣ ಏಷ್ಯಾ ಬೇರಿನ ಹುಡುಗರೂ ಈ ಮನೆಯೊಳಗೆ ಬಂದರು. 1993ರಲ್ಲಿ ಲಂಡನ್‌ನಲ್ಲಿ ಶುರುವಾದ ಏಷ್ಯನ್ ಡಬ್ ಫೌಂಡೇಶನ್ ಡಬ್‌ನ ಬೇಸ್ ಮೇಲೆ ವಲಸೆ, ವರ್ಣಭೇದ, ಪೊಲೀಸರ ದೌರ್ಜನ್ಯದ ಮಾತುಗಳನ್ನು ಹೂಡಿತು.

ಇನ್ನೊಂದು ಕವಲು ಟಬ್ಬಿಯ ಶಿಷ್ಯರದು. ಆತನ ಕೈಕೆಳಗೆ ಪಳಗಿದ ಲಾಯ್ಡ್ ಜೇಮ್ಸ್, ಅಂದರೆ ಪ್ರಿನ್ಸ್ ಜ್ಯಾಮಿ, ಮುಂದೆ ಕಿಂಗ್ ಜ್ಯಾಮಿಯಾದ. 1985ರಲ್ಲಿ ವೇಯ್ನ್ ಸ್ಮಿತ್ ಎಂಬ ಗಾಯಕ ಮತ್ತು ಆತನ ಗೆಳೆಯ ನೋಯೆಲ್ ಡೇವಿ ತಂದ ಕ್ಯಾಸಿಯೊ ಎಂಟಿ-40 ಎಂಬ ಪುಟ್ಟ ಕೀಬೋರ್ಡಿನ 'ರಾಕ್' ಗುಂಡಿ ಒತ್ತಿದಾಗ ಬರುತ್ತಿದ್ದ ಲಯವನ್ನು ಜ್ಯಾಮಿ ನಿಧಾನಿಸಿ ರೆಕಾರ್ಡ್ ಮಾಡಿದ. ಅದೇ 'ಸ್ಲೆಂಗ್ ಟೆಂಗ್'. ಡ್ರಮ್ಮರ್ ಇಲ್ಲ, ಬೇಸ್ ವಾದಕ ಇಲ್ಲ, ಜಮೈಕಾದ ಸಂಗೀತ ಒಂದೇ ವರ್ಷದಲ್ಲಿ ಡಿಜಿಟಲ್ ಆಯಿತು. ಆ ಲಯವನ್ನು ಯಂತ್ರಕ್ಕೆ ತುಂಬಿದ್ದು ಕ್ಯಾಸಿಯೊದ ಯುವತಿ ಒಕುಡಾ ಹಿರೋಕೊ. ಆಕೆ ಜಪಾನಿನ ಸಂಗೀತ ಕಾಲೇಜಿನಲ್ಲಿ ರೆಗ್ಗೆಯ ಬಗ್ಗೆಯೇ ಪ್ರಬಂಧ ಬರೆದಿದ್ದವಳು! ಜ್ಯಾಮಿಯ ಸ್ಟುಡಿಯೊದಲ್ಲಿ ಕಲಿತ ಬಾಬಿ ಡಿಜಿಟಲ್ 1990ರ ಆಸುಪಾಸಿನಲ್ಲಿ ಶಾಬಾ ರ‍್ಯಾಂಕ್ಸ್‌ಗೆ ಮಾಡಿದ 'ಡೆಂ ಬೋ' ಎಂಬ ಹಾಡಿನ ಲಯ ಪನಾಮಾ, ನ್ಯೂಯಾರ್ಕ್, ಪೋರ್ಟೊ ರಿಕೊ ಸುತ್ತಿ, ಸ್ಪ್ಯಾನಿಷ್ ಭಾಷೆಯ ಕುಣಿತದ ಸಂಗೀತವಾದ ರೆಗ್ಗೆಟಾನ್‌ನ ಬೆನ್ನೆಲುಬಾಯಿತು. ಆ ಲಯಕ್ಕೆ ಇವತ್ತಿಗೂ 'ಡೆಂಬೋ' ಎಂದೇ ಹೆಸರು. 2017ರಲ್ಲಿ ನಮ್ಮೂರ ಆಟೋಗಳಲ್ಲೂ ಕೇಳಿದ 'ಡೆಸ್ಪಾಸಿಟೊ' ಕುಣಿಸಿದ್ದು ಅದೇ ಲಯದ ಮೇಲೆ. ಟಬ್ಬಿಯಿಂದ ಜ್ಯಾಮಿ, ಜ್ಯಾಮಿಯಿಂದ ಬಾಬಿ, ಅಲ್ಲಿಂದ ಜಗತ್ತು. ಮೂರೇ ಕೊಂಡಿ.

ದುಡ್ಡು ಯಾರಿಗೆ

ಈ ಕಥೆಯಲ್ಲಿ ನನ್ನನ್ನು ಕಾಡುವ ಭಾಗವೂ ಇದೆ. ರಿದಿಂ ನುಡಿಸಿದ ಡ್ರಮ್ಮರ್, ಬೇಸ್ ವಾದಕರಿಗೆ ಸಿಗುತ್ತಿದ್ದದ್ದು ಬಹುಮಟ್ಟಿಗೆ ಅವತ್ತಿನ ಕೂಲಿ. ಅದೇ ಟೇಪ್ ಮೇಲೆ ಮೂವತ್ತು ಹಾಡು, ಐವತ್ತು ವರ್ಷನ್ ಬಂದರೂ ಲಾಭ ಟೇಪಿನ ಒಡೆಯನಾದ ನಿರ್ಮಾಪಕನದು. ಟಬ್ಬಿಗೂ ಮಿಕ್ಸಿಂಗ್‌ಗೆ ಇಷ್ಟು ಎಂದು ಹಣ. ಕೃತಿಸ್ವಾಮ್ಯದ ಕಾನೂನು ರಾಗ ಬರೆದವನನ್ನು ಗುರುತಿಸುತ್ತದೆ, ಸಾಹಿತ್ಯ ಬರೆದವನನ್ನು ಗುರುತಿಸುತ್ತದೆ. ಇದ್ದುದನ್ನು ತೆಗೆದು ಹೊಸದು ಮಾಡಿದವನಿಗೆ ಅದರಲ್ಲಿ ಜಾಗವಿಲ್ಲ. ಯಾರ ಹಿಡಿತಕ್ಕೂ ಸಿಗದೆ ಓಡಾಡಿದ ರಿದಿಂಗಳಿಂದಲೇ ಈ ಸಂಗೀತ ಇಷ್ಟು ಫಲವತ್ತಾಯಿತು ಎಂಬುದು ನಿಜ. ಅದನ್ನು ನುಡಿಸಿದ ಕೈಗಳು ಬರಿಗೈಯಾಗಿ ಹೋದದ್ದೂ ಅಷ್ಟೇ ನಿಜ. ಒಂದರ ಹೆಸರಿನಲ್ಲಿ ಇನ್ನೊಂದನ್ನು ಮರೆಸಬಾರದು.

ಟಬ್ಬಿ 1980ರ ದಶಕದ ನಡುವೆ ದೊಡ್ಡ, ಆಧುನಿಕ ಸ್ಟುಡಿಯೊ ಕಟ್ಟಿ ಡಿಜಿಟಲ್ ಕಾಲಕ್ಕೆ ಕಾಲಿಟ್ಟಿದ್ದ. 1989ರ ಫೆಬ್ರುವರಿ 6ರಂದು ಸ್ಟುಡಿಯೊದಿಂದ ಮನೆಗೆ ಮರಳಿದಾಗ ಮನೆಯ ಹೊರಗೇ ಗುಂಡಿಟ್ಟು ಕೊಂದರು. ವಯಸ್ಸು 48. ಕೊಂದವರು ಸಿಕ್ಕಲಿಲ್ಲ.

ಕೇಳುವುದಾದರೆ

ಮೊದಲು ಜೇಕಬ್ ಮಿಲ್ಲರ್‌ನ ಹಾಡನ್ನು ಎರಡು ಸಲ ಕೇಳಿ, ಸಾಲುಗಳು ಕಿವಿಯಲ್ಲಿ ಕೂರಲಿ. ಆಮೇಲೆ ಟಬ್ಬಿಯ ವರ್ಷನ್ ಹಾಕಿ. ಒಂದು ಸಲ ಬೇಸ್ ಅನ್ನು ಮಾತ್ರ ಹಿಂಬಾಲಿಸಿ, ಇನ್ನೊಂದು ಸಲ ಸ್ನೇರ್‌ನ ಮಾರ್ದನಿಗಳನ್ನು. ಅಲ್ಲಿಂದ ಲೀ ಪೆರಿಯ 1973ರ 'ಬ್ಲ್ಯಾಕ್‌ಬೋರ್ಡ್ ಜಂಗಲ್ ಡಬ್', ಆಮೇಲೆ ಟಬ್ಬಿಯ ಕಿರಿಯ ಶಿಷ್ಯ ಸೈಂಟಿಸ್ಟ್‌ನ 1980ರ ದಶಕದ ಆರಂಭದ ಆಲ್ಬಂಗಳು, ಆಮೇಲೆ ಮ್ಯಾಡ್ ಪ್ರೊಫೆಸರ್. ಫೋನಿನ ಸ್ಪೀಕರ್‌ನಲ್ಲಿ ದಯವಿಟ್ಟು ಬೇಡ. ರೆಗ್ಗೆಯ ಬೇಸ್ ಬಹುಪಾಲು 100 ಹರ್ಟ್ಸ್ ಆಸುಪಾಸಿನಲ್ಲಿ ಮತ್ತು ಅದಕ್ಕಿಂತ ಕೆಳಗೆ ಇರುತ್ತದೆ, ಅಷ್ಟು ಸಣ್ಣ ಸ್ಪೀಕರ್ ಅದನ್ನು ನುಡಿಸಲಾರದು. ಟಬ್ಬಿ ಎಲ್ಲವನ್ನೂ ತೆಗೆದ ಮೇಲೂ ಉಳಿಸಿಕೊಂಡದ್ದು ಅದನ್ನೇ ಆದ್ದರಿಂದ, ಒಳ್ಳೆಯ ಹೆಡ್‌ಫೋನ್ ಅಥವಾ ಮನೆಯಲ್ಲಿರುವ ದೊಡ್ಡ ಸ್ಪೀಕರ್ ಹುಡುಕಿಕೊಳ್ಳಿ, ದನಿ ಸ್ವಲ್ಪ ಹೆಚ್ಚೇ ಇರಲಿ.